ಅವನು ನೋಡದ ಫೋನಿನಿಂದ ಶುರುಮಾಡು

ತಂಗೀ, "ಪ್ರೀತಿ ಇದ್ಮೇಲೆ ಪಾಸ್‌ವರ್ಡ್ ಯಾಕೆ ಮುಚ್ಚಿಡ್ತೀಯ?" ಎಂದು ನಿನ್ನ ಹುಡುಗ ಕೇಳಿದಾಗೆಲ್ಲ ನಿನ್ನ ಎದೆ ಢವಗುಟ್ಟುತ್ತಿದ್ದರೆ ಆ ಭಯವನ್ನು ನಂಬು. ಹೊಡೆತ ಬಿದ್ದರೆ ಮಾತ್ರ ಹಿಂಸೆ ಎಂದೇನಿಲ್ಲ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಸಂಶೋಧಕಿಯರು ಇಂಥ ಭಯದಲ್ಲಿರುವ ಹುಡುಗಿಯರಿಗಾಗಿ 'ಮೈಪ್ಲಾನ್' ಎಂಬ ಆ್ಯಪ್ ರೂಪಿಸಿದ್ದಾರೆ. ಅಲ್ಲಿಯವರೇ ಆದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರ ಪ್ರಶ್ನಾವಳಿ ಇದಕ್ಕೆ ಬುನಾದಿ. ಕೊಲ್ಲುತ್ತೇನೆ ಎಂದಿದ್ದಾನಾ, ಹಿಂಬಾಲಿಸುತ್ತಾನಾ, ಕತ್ತು ಹಿಸುಕಿದ್ದಾನಾ ಎಂದು ಕೇಳಿ ಅಪಾಯ ಎಷ್ಟಿದೆಯೆಂದು ತೋರಿಸುತ್ತದೆ. ಕತ್ತು ಹಿಸುಕಿದ್ದನ್ನು "ಏನೋ ಸಿಟ್ಟಲ್ಲಿ ಆಯ್ತು" ಎಂದು ದಯವಿಟ್ಟು ತಳ್ಳಿಹಾಕಬೇಡ. ಅದು ಜೀವಕ್ಕೇ ಕುತ್ತು ತರುವ ಸೂಚನೆ. ಬಿಟ್ಟು ಹೊರಡುವ ಹೊತ್ತೂ ಅಷ್ಟೇ ಸೂಕ್ಷ್ಮ, ಅಪಾಯ ಹೆಚ್ಚುವುದು ಆಗಲೇ. "ಸುಮ್ನೆ ಬ್ರೇಕಪ್ ಮಾಡ್ಕೋ" ಎನ್ನುವ ಗೆಳತಿಯರಿಗೂ ಇದು ಗೊತ್ತಿರಲಿ.

ಇದನ್ನೆಲ್ಲ ಅವನು ಕೈಹಾಕುವ ಫೋನಿನಲ್ಲಿ ಹುಡುಕಬೇಡ. ರೂಮ್‌ಮೇಟ್ ಫೋನೋ ಲೈಬ್ರರಿಯ ಕಂಪ್ಯೂಟರೋ ಸಾಕು. ಆದರೆ ನಿನ್ನ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ನೋಡು. ನಿನ್ನದಲ್ಲದ ಲ್ಯಾಪ್‌ಟಾಪ್ ಅಲ್ಲಿ ಕಂಡರೆ ಗಾಬರಿಯಲ್ಲಿ ಅಳಿಸಿಬಿಡಬೇಡ, ಅವನಿಗೆ ಸುಳಿವು ಸಿಕ್ಕೀತು. ಮೊದಲು ಗೆಳತಿಯ ಫೋನಿನಿಂದ ಆ ಪರದೆಯ ಫೋಟೋ ತೆಗೆಸು. ಬೆದರಿಕೆಯ ಮೆಸೇಜುಗಳನ್ನೂ ಹಾಗೇ ಅವಳ ಹತ್ತಿರ ಇಡು.

ನಮ್ಮಲ್ಲಿ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕರೆ ಮಾಡಿದ ನಂಬರು ಕಾಲ್ ಪಟ್ಟಿಯಲ್ಲಿ ಉಳಿಯುತ್ತದೆ, ನೆನಪಿರಲಿ. ಗೆಳತಿಯ ಜೊತೆ ಒಂದು ಗುಟ್ಟಿನ ಮಾತನ್ನೂ ಗೊತ್ತುಮಾಡಿಕೋ. "ನೋಟ್ಸ್ ತಂದ್ಯಾ?" ಎಂದು ನೀನು ಕಳಿಸಿದರೆ ಅವಳು ಇನ್ನೇನೂ ಕೇಳದೆ ಹೊರಟು ಬರಬೇಕು, ಒಬ್ಬಳೇ ಅಲ್ಲ, ವಾರ್ಡನ್ನನ್ನೂ ಕರೆದುಕೊಂಡು.