ಪೆನ್ ಡ್ರೈವ್ ಹಾಕಿದರೆ ರ್‍ಯಾಮ್ ಹೆಚ್ಚುತ್ತದೆಯೇ?

ನಮ್ಮ ಮನೆಯಲ್ಲಿ ಅಕ್ಕನ ಕಾಲೇಜಿಗೆಂದು ತಂದ ಹಳೇ ಕಂಪ್ಯೂಟರ್ ಒಂದು ಉಂಟು. ವಿಂಡೋಸ್ 7, ರ್‍ಯಾಮ್ 1 ಜಿ.ಬಿ. ಮಾತ್ರ. ವರ್ಡ್ ತೆರೆಯಲು ಒತ್ತಿ ಒಂದು ಲೋಟ ಚಾ ಕುಡಿದು ಬರಬಹುದು! ಬೀಡಿ ಕಟ್ಟಿದ ಹಣದಲ್ಲಿ ರ್‍ಯಾಮ್ ತರಿಸುತ್ತೇನೆ ಎಂದು ಅಮ್ಮ ಹೇಳಿದರು. "ಬೇಡಮ್ಮ, ಪೆನ್ ಡ್ರೈವ್ ಹಾಕಿದರೆ ಅದೇ ರ್‍ಯಾಮ್ ಆಗ್ತದಂತೆ" ಎಂದು ನಾನು ತಡೆದೆ.

ರಜೆಯಲ್ಲಿ ಮಂಗಳೂರಿಗೆ ಹೋದಾಗ ದೊಡ್ಡಮ್ಮನ ಮಗ ಅಣ್ಣನನ್ನು ಕೇಳಿದೆ. ಅವನು ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. "ಅದು ರ್‍ಯಾಮ್ ಆಗುವುದಿಲ್ಲ ಮಾರಾಯ್ತಿ" ಎಂದು ನಕ್ಕು ವಿವರಿಸಿದ. ನನಗೆ ಸರಿಯಾಗಿ ಅರ್ಥವಾದದ್ದು ಅಮ್ಮ ಬೀಡಿ ಕಟ್ಟುವುದನ್ನು ನೋಡಿದಾಗ.

ಅಮ್ಮನ ಮಡಿಲಿನ ತಡ್ಪೆಯೇ ರ್‍ಯಾಮ್. ಅದರಲ್ಲಿದ್ದದ್ದು ಕೂಡಲೇ ಕೈಗೆ ಸಿಗುತ್ತದೆ. ಅಟ್ಟವೇ ಹಾರ್ಡ್ ಡಿಸ್ಕ್. ಅಲ್ಲಿ ಜಾಗ ಹೆಚ್ಚು, ಆದರೆ ಪ್ರತಿ ಸಲ ಏಣಿ ಹತ್ತಬೇಕು. ಪೆನ್ ಡ್ರೈವ್ ಎಂದರೆ ಪಕ್ಕದಲ್ಲಿಟ್ಟ ಬುಟ್ಟಿ. ಆಗಾಗ ಬೇಕಾಗುವುದನ್ನು ಅದರಲ್ಲಿಟ್ಟರೆ ಏಣಿ ಹತ್ತುವುದು ಕಡಿಮೆಯಾಗುತ್ತದೆ. ಆದರೆ ತಡ್ಪೆ ದೊಡ್ಡದಾಗುವುದಿಲ್ಲ.

ಈ ಉಪಾಯದ ಹೆಸರು ರೆಡಿಬೂಸ್ಟ್. 2007ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಇದನ್ನು ವಿಂಡೋಸ್ ವಿಸ್ತಾದೊಂದಿಗೆ ತಂದಿತು. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ ಉಂಟು. ಅಲ್ಲಲ್ಲಿ ಚದುರಿದ ಚೂರು ಮಾಹಿತಿ ಹುಡುಕಲು ಅದಕ್ಕೆ ಹೊತ್ತು ಬೇಕು. ಪೆನ್ ಡ್ರೈವಿನಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಚೂರುಗಳು ಬೇಗ ಸಿಗುತ್ತವೆ. ನಡುವೆ ಪೆನ್ ಡ್ರೈವ್ ಕಿತ್ತರೂ ನಮ್ಮ ಕಡತ ಹಾಳಾಗುವುದಿಲ್ಲ, ಏಕೆಂದರೆ ಅಸಲು ಪ್ರತಿ ಡಿಸ್ಕಿನಲ್ಲೇ ಇರುತ್ತದೆ. ಎಸ್.ಎಸ್.ಡಿ. ಇರುವ ಕಂಪ್ಯೂಟರಿಗೆ ಇದು ಬೇಡ. ಅಲ್ಲಿ ಏಣಿಯೇ ಇಲ್ಲವಲ್ಲ!

ಮಾಡುವ ಕ್ರಮ (ವಿಂಡೋಸ್ 7ರಲ್ಲಿ):
1. ಪೆನ್ ಡ್ರೈವ್ ಹಾಕಿ, 'ಕಂಪ್ಯೂಟರ್' ತೆರೆಯಿರಿ.
2. ಪೆನ್ ಡ್ರೈವಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ಆರಿಸಿ.
3. 'ರೆಡಿಬೂಸ್ಟ್'ನಲ್ಲಿ 'ಯೂಸ್ ದಿಸ್ ಡಿವೈಸ್' ಗುರುತಿಸಿ 'ಓಕೆ' ಕೊಡಿ.
ಪೆನ್ ಡ್ರೈವ್ ತೀರಾ ನಿಧಾನದ್ದಾದರೆ ಕಂಪ್ಯೂಟರ್ ಒಪ್ಪುವುದಿಲ್ಲ.

ನಾನೂ ಮಾಡಿ ನೋಡಿದೆ. ವರ್ಡ್ ಸ್ವಲ್ಪ ಬೇಗ ತೆರೆಯಿತು. ಆದರೆ ಅಕ್ಕ ನಾಲ್ಕೈದು ಕೆಲಸ ಒಟ್ಟಿಗೆ ತೆರೆದಾಗ ಮೊದಲಿನ ಹಾಗೆಯೇ ನಿಂತುಬಿಟ್ಟಿತು. ಅವಳ ಪ್ರಾಜೆಕ್ಟ್ ಕೊಡಲು ಎರಡೇ ದಿನ ಇತ್ತು. ಅವಳು ಅಳುವುದನ್ನು ನೋಡಿ ನನಗೆ ಬಹಳ ಬೇಸರವಾಯಿತು. ತಿಳಿಯದೆ ಹೇಳಿದ್ದೆ ಎಂದು ಅಮ್ಮನಲ್ಲಿ ಒಪ್ಪಿಕೊಂಡೆ. "ತಡ್ಪೆ ಸಣ್ಣದಾದರೆ ತಡ್ಪೆಯನ್ನೇ ಬದಲಿಸಬೇಕು" ಎಂದು ಅಮ್ಮ ಹಣ ಕೊಟ್ಟರು. ಅಣ್ಣ ಬಂದು 2 ಜಿ.ಬಿ. ರ್‍ಯಾಮ್ ಹಾಕಿದ. ಪ್ರಾಜೆಕ್ಟ್ ಮುಗಿಯಿತು.

ಆದ್ದರಿಂದ ಗೆಳೆಯರೇ, ಕೇಳಿದ್ದನ್ನು ತಿಳಿದವರಲ್ಲಿ ವಿಚಾರಿಸಿ, ಪರೀಕ್ಷೆ ಮಾಡಿ, ಆಮೇಲೆ ಇನ್ನೊಬ್ಬರಿಗೆ ಹೇಳೋಣ.

— 7ನೇ ತರಗತಿಯ ವಿದ್ಯಾರ್ಥಿನಿ