ಅಟ್ಟದ ಮೇಲಿನ ಕತ್ತಿ

ಹೆಬ್ಬಾಳದಲ್ಲಿ ಒಂದು ವೀರಗಲ್ಲು ಇದೆ. 2018ರಲ್ಲಿ ನೆಲ ಅಗೆಯುವಾಗ ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು. ಸುಮಾರು 1270 ವರ್ಷ ಹಳೆಯದು. ಊರಿಗಾಗಿ ಹೋರಾಡಿ ಸತ್ತ ಕಿತ್ತಯ್ಯ ಎಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಆಗ ಆಯುಧ ಹಿಡಿಯಲು ಯಾರ ಅಪ್ಪಣೆ ಬೇಕಿತ್ತೋ, ಕಲ್ಲು ಹೇಳುವುದಿಲ್ಲ. ಈಗ ಕಾಯ್ದೆ ಹೇಳುತ್ತದೆ.

ಆಯುಧ ಪೂಜೆ ಮುಗಿದ ಮಾರನೆಯ ದಿನ. ಸಂಜೆ ಓದುವ ಕೇಂದ್ರಕ್ಕೆ ಹೂವಿನ ಅಕ್ಕ ತಡವಾಗಿ ಬಂದಳು. ಸ್ಲೇಟು ತೆಗೆಯಲಿಲ್ಲ. ಮುಖ ಬಾಡಿತ್ತು.

"ಯಾಕಕ್ಕ, ಹುಷಾರಿಲ್ವಾ?" ಎಂದು ಟೀಚರ್ ಕೇಳಿದರು.

"ನಮ್ಮನೆ ಅಟ್ಟದ ಮೇಲೆ ಒಂದು ಕತ್ತಿ ಐತೆ ಮೇಡಂ. ನಮ್ಮ ಮಾವನೋರ ಅಪ್ಪನ ಕಾಲದ್ದು. ವರ್ಷಕ್ಕೊಂದು ಸಲ ಇಳಿಸಿ, ಕುಂಕುಮ ಇಟ್ಟು, ಮತ್ತೆ ಮೇಲಿಡ್ತೀವಿ. ನಿನ್ನೆ ನನ್ನ ಮಗ ಅದನ್ನ ಹಿಡ್ಕೊಂಡು ಫೋಟೋ ತೆಗೆಸ್ಕೊಂಡವ್ನೆ. ಮೊಬೈಲ್‌ನಲ್ಲಿ ಹಾಕ್ಬಿಟ್ಟವ್ನೆ. ಪೊಲೀಸ್ನೋರು ಬರ್ತಾರೆ ಅಂತ ಪಕ್ಕದ ಮನೆಯೋರು ಹೆದರಿಸ್ತಾ ಅವ್ರೆ. ಕತ್ತಲಾದ ಮೇಲೆ ಹೋಗಿ ಕೆರೆಗೆ ಎಸೆದುಬಿಡ್ಲಾ?"

"ಬೇಡ. ಎಸೆಯೋದು, ಬಚ್ಚಿಡೋದು ಮಾಡಬೇಡಿ. ಮೊದಲು ಕಾನೂನು ಏನು ಹೇಳುತ್ತೆ ನೋಡೋಣ" ಎಂದರು ಟೀಚರ್.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಬಂದೂಕಿನಂತೆ ಕತ್ತಿ, ಬಾಕು, ಭರ್ಜಿ ಕೂಡ ಅದರ ಲೆಕ್ಕದಲ್ಲಿ ಆಯುಧಗಳೇ. 2016ರ ನಿಯಮಗಳು ಅಳತೆಯನ್ನೂ ಕೊಡುತ್ತವೆ. ಅಲಗು 9 ಇಂಚಿಗಿಂತ ಉದ್ದ ಇರಬೇಕು. ಇಲ್ಲವೇ 2 ಇಂಚಿಗಿಂತ ಅಗಲ ಇರಬೇಕು. ಅಂಥದ್ದು ಆಯುಧ.

ನಿಮ್ಮ ಕೈಯನ್ನು ಅಗಲಿಸಿ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಒಂದು ಗೇಣು. ಅದು ಸುಮಾರು 9 ಇಂಚು. ಮೂರು ಬೆರಳು ಜೋಡಿಸಿದರೆ ಸುಮಾರು 2 ಇಂಚು.

ಎಲ್ಲರೂ ಗೇಣು ಹಾಕಿ ನೋಡಿಕೊಂಡರು. ಎಳನೀರು ಮಾರುವ ಅಜ್ಜಿಗೆ ಗಾಬರಿಯಾಯಿತು.

"ನನ್ನ ಮಚ್ಚು ಒಂದೂವರೆ ಗೇಣು ಐತಲ್ಲವ್ವಾ! ನಾನೇನ್ ಮಾಡ್ಲಿ?"

ಅಜ್ಜಿ ಹೆದರಬೇಕಾಗಿಲ್ಲ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕಾರ್ಖಾನೆ ಕೆಲಸಕ್ಕೆ ಮಾಡಿದ ಹತಾರಗಳನ್ನು ಈ ಲೆಕ್ಕದಿಂದ ಬಿಟ್ಟಿದ್ದಾರೆ. ಈಳಿಗೆಮಣೆ, ಕುಡುಗೋಲು, ಎಳನೀರು ಕೊಚ್ಚುವ ಮಚ್ಚು ಇವೆಲ್ಲ ಹೊಟ್ಟೆಪಾಡಿನ ಸಾಮಾನು. ಆದರೆ ಅದೇ ಮಚ್ಚು ಬೀದಿಯಲ್ಲಿ ಜನರನ್ನು ಹೆದರಿಸಲು ಮೇಲೆದ್ದರೆ ಮಾತು ಬೇರೆ.

2025ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲೇ ಹೀಗಾಯಿತು. ಟಿವಿಯಲ್ಲಿ ಕಾಣಿಸಿಕೊಂಡಿದ್ದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿದರು. ಬಸವೇಶ್ವರನಗರ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕಿದರು. ಅವರು ಮೊದಲು ತಂದುಕೊಟ್ಟದ್ದು ಫೈಬರ್ ಮಚ್ಚು. ವಿಡಿಯೋದಲ್ಲಿ ಇದ್ದದ್ದು ಅದಲ್ಲ ಎಂದು ಪೊಲೀಸರು ಹೇಳಿದರು. ಇಬ್ಬರನ್ನೂ ಬಂಧಿಸಿದರು. ಆಟಿಕೆ ಕತ್ತಿ ಹಿಡಿದರೆ ಶಸ್ತ್ರಾಸ್ತ್ರ ಕಾಯ್ದೆಯ ತಪ್ಪಲ್ಲ. ನಿಜವಾದದ್ದನ್ನು ಆಟಿಕೆ ಎಂದು ಹೇಳಿದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಕೆರೆಗೆ ಎಸೆಯಬೇಡಿ ಅಂದದ್ದು ಅದಕ್ಕೇ.

"ಹಂಗಾದ್ರೆ ಕರಗದಲ್ಲಿ ವೀರಕುಮಾರರು ಕತ್ತಿ ಹಿಡೀತಾರಲ್ಲ?" ಎಂದು ಇನ್ನೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ.

ಧರ್ಮರಾಯಸ್ವಾಮಿ ಗುಡಿಯ ಕರಗ ಹಳೆಯ ಆಚರಣೆ. ಊರೆಲ್ಲ ನೋಡುವಾಗ, ಪೊಲೀಸ್ ಬಂದೋಬಸ್ತಿನಲ್ಲಿ ನಡೆಯುತ್ತದೆ. ಆ ಹೆಸರು ಹೇಳಿಕೊಂಡು ಬೇರೆ ದಿನ ಬಸ್ ಸ್ಟ್ಯಾಂಡಿನಲ್ಲಿ ಕತ್ತಿ ಹಿಡಿದು ನಿಲ್ಲಲು ಆಗುವುದಿಲ್ಲ. ಸಿಖ್ಖರು ಕಿರ್ಪಾನ್ ಧರಿಸುವುದಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ಜಾಗ ಇದೆ. ನಮ್ಮ ಕೊಡವರಿಗೆ ಕೆಲವು ಬಗೆಯ ಬಂದೂಕುಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇವು ಬರೆದುಕೊಟ್ಟ ವಿನಾಯಿತಿಗಳು. ನಮ್ಮ ಮನೆಯಲ್ಲಿ ಮೊದಲಿಂದ ಇತ್ತು ಎಂಬುದೊಂದೇ ವಿನಾಯಿತಿ ಆಗುವುದಿಲ್ಲ.

ಈಗ ಅಕ್ಕನ ಕತ್ತಿಗೆ ಬರೋಣ. ಬಂದೂಕಿಗೆ ದೇಶದ ಎಲ್ಲ ಕಡೆ ಪರವಾನಗಿ ಬೇಕು. ಕತ್ತಿಯ ವಿಷಯ ಸ್ವಲ್ಪ ಬೇರೆ. ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿದ ಜಾಗದಲ್ಲಿ ಕತ್ತಿ ಮನೆಯಲ್ಲಿಡಲೂ ಪರವಾನಗಿ ಬೇಕು. ಅಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಂಡರೆ 1 ವರ್ಷದಿಂದ 3 ವರ್ಷದವರೆಗೆ ಜೈಲು, ಮೇಲೆ ದಂಡ. ಇದಲ್ಲದೆ ಗಲಾಟೆಯ ಭಯ ಇದ್ದಾಗ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಕಮಿಷನರ್ ಆದೇಶ ಹೊರಡಿಸಬಹುದು. ಆಗ ಕತ್ತಿ ಇರಲಿ, ದೊಣ್ಣೆಯನ್ನೂ ಬೀದಿಗೆ ತರುವ ಹಾಗಿಲ್ಲ. ನಮ್ಮ ಮನೆ ಇರುವ ಜಾಗಕ್ಕೆ ಯಾವ ಪ್ರಕಟಣೆ ಇದೆ, ಯಾವ ಆದೇಶ ಇದೆ ಎಂದು ಠಾಣೆಯಲ್ಲಿ ಕೇಳಬೇಕು. ಇದನ್ನು ಪಕ್ಕದ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ.

"ಠಾಣೆಗಾ? ನಾನಾ?" ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಒಬ್ಬರೇ ಹೋಗಬೇಡಿ. ಮೊದಲು ವಕೀಲರಿಗೆ ತೋರಿಸಿ."

ವಕೀಲರಿಗೆ ದುಡ್ಡು ಎಲ್ಲಿಂದ ತರುವುದು? ತರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟು ಎಂದು ನೋಡುವುದಿಲ್ಲ. 15100 ನಂಬರಿಗೆ ಫೋನ್ ಮಾಡಿ ಕೇಳಬಹುದು. ಅಕ್ಕನ ಮಗನಿಗೆ ಇನ್ನೂ 17 ವರ್ಷ. 18 ತುಂಬದವರ ಮೇಲೆ ಕೇಸಾದರೆ ಅದು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಇನ್ನೊಂದು ವಿಷಯ. ವಿಶೇಷ ಕಾರಣ ಇಲ್ಲದೆ ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ.

ಮಾರನೆಯ ದಿನ ಅಕ್ಕ ಕತ್ತಿಯ ಅಳತೆ ತಂದಳು. ಮೂರು ಗೇಣು, ನಾಲ್ಕು ಬೆರಳು. ಅರ್ಜಿ ತಾನೇ ಬರೆಯುತ್ತೇನೆ ಎಂದಳು. 'ಶಸ್ತ್ರಾಸ್ತ್ರ' ಎಂದು ಬರೆಯಲು ಎರಡು ಸಲ ಒತ್ತಕ್ಷರ ತಪ್ಪಿತು. ಟೀಚರ್ ನಕ್ಕು, "'ಕತ್ತಿ' ಅಂತ ಬರೀರಿ, ಸಾಕು" ಎಂದರು. ಅವಳು ಬರೆದದ್ದು ಇದು:

ಇನ್ಸ್‌ಪೆಕ್ಟರ್ ಸಾಹೇಬರಿಗೆ,

ನಮ್ಮ ಮನೆಯಲ್ಲಿ ಒಂದು ಹಳೆಯ ಕತ್ತಿ ಇದೆ. ನನ್ನ ಗಂಡನ ತಾತನದು. ಅಲಗು ಸುಮಾರು 30 ಇಂಚು. ಪೂಜೆಗೆ ಮಾತ್ರ ಇಳಿಸುತ್ತೇವೆ. ಇದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕೇ? ಬೇಕಾದರೆ ಅರ್ಜಿ ಎಲ್ಲಿ ಕೊಡಬೇಕು? ಇಟ್ಟುಕೊಳ್ಳಬಾರದು ಎಂದಾದರೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತೇವೆ. ದಯವಿಟ್ಟು ಬರಹದಲ್ಲಿ ತಿಳಿಸಿ.

ಕೆಳಗೆ ತನ್ನ ಹೆಸರು, ವಿಳಾಸ, ತಾರೀಖು ಬರೆದಳು. ಎರಡು ಪ್ರತಿ ಮಾಡಿದಳು. ವಕೀಲರು ಓದಿ ಒಪ್ಪಿದ ಮೇಲೆ ಒಂದನ್ನು ಠಾಣೆಗೆ ಕೊಡುವುದು. ಇನ್ನೊಂದಕ್ಕೆ ಠಾಣೆಯ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿ ಇಡುವುದು.