ಹಳೆಯ ದೋಣಿ ಎಂಜಿನ್ ಎಳೆಯುತ್ತಿಲ್ಲವೇ? ಕಾರ್ಬುರೇಟರ್ ಕೊನೆಗೆ ಬಿಚ್ಚಿ

ನಾಡದೋಣಿಯ ಹಳೆಯ ಔಟ್‌ಬೋರ್ಡ್ ಎಂಜಿನ್ ಎಳೆತ ಕಳೆದುಕೊಂಡರೆ, ರೇಸ್ ಕೊಟ್ಟಾಗ ಮುಗ್ಗರಿಸಿದರೆ, ಬಹುತೇಕರ ಕೈ ಮೊದಲು ಹೋಗುವುದು ಕಾರ್ಬುರೇಟರಿಗೆ. ಬಿಚ್ಚಿ, ಊದಿ, ತೊಳೆದು ಕೂರಿಸುತ್ತಾರೆ. ಸರಿಹೋಗದಿದ್ದರೆ ಪ್ಲಗ್ ಬದಲು, ಆಮೇಲೆ ಕಾಯಿಲ್ ಬದಲು. ಈ ಕ್ರಮವೇ ತಪ್ಪು. ಎಂಜಿನ್ ಯಾವಾಗ, ಹೇಗೆ ಕೈಕೊಡುತ್ತದೆ ಎಂಬುದರಲ್ಲೇ ದೋಷದ ಜಾಗದ ಸುಳಿವು ಇರುತ್ತದೆ. ಅದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವ ತನಕ ಯಾವ ಸ್ಕ್ರೂವನ್ನೂ ತಿರುಗಿಸಬಾರದು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ದೊಡ್ಡ ಬೋಟುಗಳೆಲ್ಲ ದಡದಲ್ಲಿರುವಾಗ 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳು ಮಳೆಗಾಲದ ಕಡಲಿಗೆ ಇಳಿಯುತ್ತವೆ. ಅಲ್ಲಿ ಎಂಜಿನ್ ನಿಂತರೆ ಹೋಗುವುದು ಒಂದು ದಿನದ ದುಡಿಮೆ ಮಾತ್ರವಲ್ಲ, ಜೀವಕ್ಕೇ ಅಪಾಯ. ಹಾಗಾಗಿ ಅಂದಾಜಿನ ರಿಪೇರಿಗೆ ಇಲ್ಲಿ ಜಾಗವಿಲ್ಲ.

ಮೊದಲ ಪರೀಕ್ಷೆ ಕಂಪ್ರೆಶನ್ನಿನದು. ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ನಿಲ್ಲಿಸಿ, ಎರಡೂ ಸಿಲಿಂಡರುಗಳ ಪ್ಲಗ್ ತೆಗೆಯಿರಿ. ಪ್ಲಗ್ ವೈರುಗಳ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಅರ್ತ್ ಮಾಡಿ. ಇಲ್ಲದಿದ್ದರೆ ಕಿಡಿ ಹಾರಲು ದಾರಿಯಿಲ್ಲದೆ ಇಗ್ನಿಷನ್ ಸುಟ್ಟುಹೋಗಬಹುದು, ಸಿಲಿಂಡರಿನಿಂದ ಚಿಮ್ಮುವ ಇಂಧನಕ್ಕೆ ಬೆಂಕಿಯೂ ತಗುಲಬಹುದು. ಒಂದು ರಂಧ್ರಕ್ಕೆ ಕಂಪ್ರೆಶನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವ ತನಕ ನಾಲ್ಕೈದು ಸಲ ಹಗ್ಗ ಎಳೆಯಿರಿ. ಇನ್ನೊಂದು ಸಿಲಿಂಡರಿಗೂ ಹೀಗೇ ಮಾಡಿ ಎರಡನ್ನೂ ಬರೆದಿಡಿ. ಸೀಮೆಎಣ್ಣೆ ಬೇಗ ನಾಕಿಂಗ್ ಕೊಡುವ ಇಂಧನ. ಅದಕ್ಕಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನುಗಳನ್ನು ಕಡಿಮೆ ಕಂಪ್ರೆಶನ್ನಿಗೇ ತಯಾರಿಸಿರುತ್ತಾರೆ. ಪಕ್ಕದ ದೋಣಿಯ ಪೆಟ್ರೋಲ್ ಎಂಜಿನ್ನಿನ ಅಂಕಿಯ ಜೊತೆ ಹೋಲಿಸಿ ಗಾಬರಿಯಾಗಬೇಕಿಲ್ಲ. ನೋಡಬೇಕಾದ್ದು ನಿಮ್ಮದೇ ಎರಡು ಸಿಲಿಂಡರುಗಳ ನಡುವಿನ ಅಂತರ. ಅದು ಶೇ 10–15 ದಾಟಿದ್ದರೆ ಕಡಿಮೆ ಇರುವ ಕಡೆಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ತೆಗೆದ ಪ್ಲಗ್ಗುಗಳನ್ನೂ ಬಿಸಿಲಿಗೆ ಹಿಡಿದು ನೋಡಿ. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಕಪ್ಪಗೆ ಒದ್ದೆಯಾಗಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಇಂಧನ ಸಾಲುತ್ತಿಲ್ಲ ಎಂದರ್ಥ, ಇದು ಹೆಚ್ಚು ಅಪಾಯದ್ದು. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಇಂಧನದ ಜೊತೆಗೇ. ಇಂಧನ ಕಡಿಮೆಯಾದರೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಹಿಡಿಯುತ್ತದೆ.

ಕಾರ್ಬುರೇಟರ್ ತೊಳೆಯಲು ಖರ್ಚೇನೂ ಇಲ್ಲ, ಅದನ್ನೇ ಮೊದಲು ಮಾಡಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಇದ್ದ ಎಂಜಿನ್ನಿನ ಸ್ಕ್ರೂಗಳು ಹಿಡಿದುಕೊಂಡಿರುತ್ತವೆ, ಬಲ ಹಾಕಿದರೆ ತುಂಡಾಗುತ್ತವೆ. ಗಡುಸಾದ ಗ್ಯಾಸ್ಕೆಟ್ ಹರಿದು ಗಾಳಿ ಎಳೆಯಲು ಶುರುಮಾಡುತ್ತದೆ. ಒಂದು ದೋಷ ಹುಡುಕಲು ಹೋಗಿ ಎರಡಾಗುತ್ತದೆ. ಟ್ಯಾಂಕಿನ ತಳದಲ್ಲಿ ನೀರಿದ್ದರಂತೂ ತೊಳೆದ ಕಾರ್ಬುರೇಟರ್ ಮರುದಿನವೇ ಮತ್ತೆ ಕೆಡುತ್ತದೆ. ಟ್ಯಾಂಕಿನ ತಳದ ಇಂಧನವನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಿ: ನೀರಿದ್ದರೆ ಅಡಿಯಲ್ಲಿ ಪ್ರತ್ಯೇಕ ಪದರ ಕಾಣುತ್ತದೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇರುವುದರಿಂದ ಈ ಪರೀಕ್ಷೆ ಮೊದಲಿಗಿಂತ ಮುಖ್ಯವಾಗಿದೆ. ಎಥೆನಾಲ್ ತೇವ ಹೀರಿಕೊಳ್ಳುತ್ತದೆ, ಹೀರಿದ್ದು ಹೆಚ್ಚಾದಾಗ ನೀರಿನ ಸಮೇತ ತಳಕ್ಕಿಳಿಯುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಮೆತ್ತಗಾಗಿಸುತ್ತದೆ.

ಇಂಧನದ ದೋಷವೋ ಕಿಡಿಯದೋ ಎಂದು ಬೇರ್ಪಡಿಸಲು ಪೈಪಿನ ನಡುವಿನ ರಬ್ಬರ್ ಬಲ್ಬ್ ಸಾಕು. ಫುಲ್ ರೇಸಿನಲ್ಲಿ ಎಂಜಿನ್ ಸೋಲತೊಡಗಿದಾಗ ಜೊತೆಗಾರರೊಬ್ಬರು ಬಲ್ಬ್ ಹಿಸುಕಲಿ. ಎಳೆತ ಮರಳಿದರೆ ಕಾರ್ಬುರೇಟರಿಗೆ ಇಂಧನ ತಲುಪುತ್ತಿಲ್ಲ. ಫ್ಯುಯೆಲ್ ಪಂಪಿನ ಡಯಾಫ್ರಂ ಅಥವಾ ಪೈಪಿನ ಜೋಡಣೆಗಳನ್ನು ನೋಡಿ. ಬಲ್ಬ್ ತಾನಾಗಿ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಅಡ್ಡಿಯಿದೆ. ಹತ್ತು ಹದಿನೈದು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಎಂಜಿನ್ನಿನ ಕಾಯಿಲ್ ಹೋಗಿದೆ ಎಂದು ತೀರ್ಮಾನಿಸುವವರು ಬಹಳ. ಬಿಸಿಯಾದಾಗ ಸೋಲುವ ಕಾಯಿಲ್ ಹೀಗೇ ಮಾಡುತ್ತದೆ, ನಿಜ. ಆದರೆ ಟ್ಯಾಂಕಿನ ಮುಚ್ಚಳದ ಗಾಳಿಸ್ಕ್ರೂ ಬಿಗಿಯಾಗಿದ್ದರೂ ಇದೇ ಲಕ್ಷಣ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಬಂದರೆ ಕಾಯಿಲ್ ಬೆಲೆ ಉಳಿಯಿತು. ಸ್ವಿಚ್ ಆರಿಸಿದಂತೆ ಒಮ್ಮೆಗೇ ಕಡಿದು, ಒಮ್ಮೆಗೇ ಮರಳುವ ದೋಷ ಮಾತ್ರ ಹೆಚ್ಚಾಗಿ ವಿದ್ಯುತ್ತಿನದು. ಮುಸ್ಸಂಜೆಯಲ್ಲಿ ಎಂಜಿನ್ನಿನ ಮೇಲ್ಮುಚ್ಚಳ ತೆಗೆದು ಓಡಿಸಿದರೆ, ಬಿರುಕುಬಿಟ್ಟ ಪ್ಲಗ್ ವೈರಿನಿಂದ ಲೋಹಕ್ಕೆ ಹಾರುವ ನೀಲಿ ಕಿಡಿ ಬರಿಗಣ್ಣಿಗೆ ಕಾಣುತ್ತದೆ. ಅದಕ್ಕೆ ಮೊದಲು ಚೆಲ್ಲಿದ ಇಂಧನವನ್ನೆಲ್ಲ ಒರೆಸಿರಬೇಕು.

ಇಷ್ಟರಲ್ಲೂ ಸಿಗದೆ, ಎಂಜಿನ್ ವೇಗದಲ್ಲಿ ಚೆನ್ನಾಗಿ ಓಡಿ ನಿಧಾನದಲ್ಲಿ ಮಾತ್ರ ಸಾಯುತ್ತಿದ್ದರೆ ಆಗ ಕಾರ್ಬುರೇಟರಿನ ಸರದಿ: ಪೈಲಟ್ ಜೆಟ್ ಕಟ್ಟಿರುತ್ತದೆ. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಎಂದು ಗುರುತು ಹಾಕಿಕೊಳ್ಳಿ. ಸೀಮೆಎಣ್ಣೆ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರಿಗೆ ಇನ್ನೂ ಸುಲಭದ ಕಾರಣವಿರಬಹುದು. ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮೊದಲು ಕೆಲವು ನಿಮಿಷ ಮತ್ತೆ ಪೆಟ್ರೋಲಿನಲ್ಲಿ ಓಡಿಸಬೇಕು. ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಕಾರ್ಬುರೇಟರಿನಲ್ಲಿ ಉಳಿಯುವುದು ಅದೇ, ತಣ್ಣನೆಯ ಎಂಜಿನ್ನಿನಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ.

ಅನುಭವಿ ಮೆಕ್ಯಾನಿಕ್ ಸದ್ದು ಕೇಳಿಯೇ ಹೇಳುತ್ತಾನೆ, ಗೇಜ್ ಯಾಕೆ ಎನ್ನುವವರಿದ್ದಾರೆ. ಪಳಗಿದ ಕಿವಿಗೆ ಬೆಲೆಯಿದೆ. ಆದರೆ ಒಂದು ಸಿಲಿಂಡರ್ ಮೆಲ್ಲಮೆಲ್ಲನೆ ಸವೆಯುವುದು ಸದ್ದಿನಲ್ಲಿ ಬೇಗ ತಿಳಿಯದು, ಕಳೆದ ವರ್ಷದ ಅಂಕಿ ಪಕ್ಕದಲ್ಲಿದ್ದರೆ ತಿಳಿಯುತ್ತದೆ. ಬೈಕ್ ಗ್ಯಾರೇಜುಗಳಲ್ಲಿ ಬಳಸುವ ಗೇಜೇ, ಸರಿಯಾದ ಅಡಾಪ್ಟರ್ ಇದ್ದರೆ, ಇದಕ್ಕೂ ಆಗುತ್ತದೆ. ನಾಲ್ಕು ದೋಣಿಯವರು ಸೇರಿ ಒಂದು ಕೊಂಡರೂ ಸಾಕು. ಹಳೆಯದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಬದಲು ಹೊಸ ಫೋರ್ ಸ್ಟ್ರೋಕ್ ತರಬಾರದೇ ಎಂಬ ಮಾತಿಗೂ ಉತ್ತರ ಆ ಅಂಕಿಯಲ್ಲೇ ಇದೆ. ಎರಡೂ ಸಿಲಿಂಡರ್ ಗಟ್ಟಿಯಾಗಿ, ಸಮನಾಗಿ ಇದ್ದರೆ ಉಳಿದ ದೋಷಗಳೆಲ್ಲ ಸಣ್ಣ ಖರ್ಚಿನವು, ಎಂಜಿನ್ ಉಳಿಸಿಕೊಳ್ಳಲು ಯೋಗ್ಯ. ಎರಡೂ ಬಿದ್ದಿದ್ದರೆ ಬಿಡಿಭಾಗಕ್ಕೆ ಹಣ ಸುರಿಯುವುದು ಬೇಡ.

ಎಂಜಿನ್ ರೇಸ್ ಏರಿದರೂ ದೋಣಿ ಮುಂದೆ ಹೋಗದಿದ್ದರೆ ತಲೆಯ ಭಾಗ ಬಿಟ್ಟು ಪ್ರೊಪೆಲರ್ ನೋಡಿ; ಒಳಗಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಿಂದೆ ಸುತ್ತಿಕೊಂಡ ಬಲೆಯ ನೂಲು ಸೀಲ್ ಕತ್ತರಿಸಿದ್ದರೆ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದಿಂದ ಚಿಮ್ಮುವ ನೀರು ಸಣ್ಣದಾಗಿದ್ದರೆ ಇಂಪೆಲರ್ ಬದಲಿಸಿ, ನೀರಿಲ್ಲದೆ ಕ್ಷಣಕಾಲವೂ ಓಡಿಸಬೇಡಿ. ರಿಪೇರಿ ಮುಗಿದ ಮೇಲೆ ಡ್ರಮ್ಮಿನ ನೀರಲ್ಲಿ ಸರಿಯಾಗಿ ಓಡಿತು ಎಂದು ನಂಬಿ ಹೊರಡಬೇಡಿ. ಅಲ್ಲಿ ಎಂಜಿನ್ನಿಗೆ ಭಾರವೇ ಇರುವುದಿಲ್ಲ. ಆಳು, ಬಲೆ ಸಮೇತ ಅಳಿವೆಯ ಒಳಗೆ, ಹೊಳೆಯಲ್ಲೇ ಅರ್ಧ ಗಂಟೆ ಫುಲ್ ರೇಸಿನಲ್ಲಿ ಓಡಿಸಿ, ನಿಲ್ಲಿಸಿ, ಬಿಸಿಯಿರುವಾಗಲೇ ಮತ್ತೆ ಹಗ್ಗ ಎಳೆಯಿರಿ. ಒಂದೆರಡು ಎಳೆತಕ್ಕೆ ಹೊತ್ತಿಕೊಂಡರೆ ಮಾತ್ರ ಅಳಿವೆ ದಾಟಿ.